ಸಂಭವದ ಲೆಕ್ಕ: ನಮ್ಮ ಮಕ್ಕಳಿಗೊಂದು ವಿದ್ಯೆ



ವೈದ್ಯನೊಬ್ಬನು ವಿಮಾ ಗಣಿತವನ್ನೂ ಗಣಿತೀಯ ಅರ್ಥಶಾಸ್ತ್ರವನ್ನೂ ಕುರಿತು ಮಾತನಾಡಲು ನಿಂತಿರುವುದು ತಮಗೆ ವಿಚಿತ್ರವೆನಿಸಬಹುದು. ಕಾರಣವಿಷ್ಟೆ. ಮಕ್ಕಳು ಹೈಸ್ಕೂಲಿನ ಕೊನೆಯ ವರ್ಷಕ್ಕೆ ಬಂದೊಡನೆ ನಮ್ಮ ಮನೆಗಳಲ್ಲಿ ಎರಡೇ ದಾರಿಗಳು ಕಾಣುತ್ತವೆ: ಒಂದು ವೈದ್ಯಕೀಯ, ಇನ್ನೊಂದು ಎಂಜಿನಿಯರಿಂಗ್. ಗಣಿತದಲ್ಲಿ ನಿಜವಾದ ಒಲವಿದ್ದು, ಈ ಎರಡರಲ್ಲಿಯೂ ಮನಸ್ಸಿಲ್ಲದ ಹುಡುಗ ಹುಡುಗಿಯರು ನಮ್ಮಲ್ಲಿಲ್ಲವೆ? ಅವರು ‘ಎಕನಾಮಿಕ್ಸ್ ಓದುತ್ತೇನೆ’ ಎಂದಾಗ ತಂದೆತಾಯಿಗಳ ಮುಖ ಬಾಡುವುದನ್ನು ನಾನು ಅನೇಕ ಸಲ ಕಂಡಿದ್ದೇನೆ. ಅದರಿಂದ ಹೊಟ್ಟೆ ತುಂಬೀತೆ ಎಂಬುದು ಅವರ ಪ್ರಶ್ನೆ. ಎರಡು ಸೂಟ್‌ಕೇಸುಗಳೊಡನೆ ಬಂದಿಳಿದ ತಲೆಮಾರಿಗೆ ಆ ಪ್ರಶ್ನೆ ಸಹಜವೇ. ಅದಕ್ಕೆ ಉತ್ತರ ಹುಡುಕುವ ಪ್ರಯತ್ನ ಈ ಮಾತುಗಳು.

ಆಕ್ಚುಯರಿ ಎಂದರೆ ಯಾರು? ಇಂಥ ವ್ಯಕ್ತಿ ಇಂಥ ದಿನ ಕಾಯಿಲೆ ಬೀಳುವನೆಂದು ಯಾವ ವೈದ್ಯನೂ ಹೇಳಲಾರ. ಆದರೆ ಹತ್ತು ಸಾವಿರ ಜನರಲ್ಲಿ ವರ್ಷಕ್ಕೆ ಎಷ್ಟು ಮಂದಿ ಆಸ್ಪತ್ರೆ ಸೇರಿಯಾರೆಂಬುದನ್ನು ಹಿಂದಿನ ದಾಖಲೆಗಳಿಂದ ಬಹುಮಟ್ಟಿಗೆ ಊಹಿಸಬಹುದು. ಆ ಲೆಕ್ಕದ ಮೇಲೆ ವಿಮೆಯ ಕಂತನ್ನೂ ಮೀಸಲು ನಿಧಿಯನ್ನೂ ನಿರ್ಧರಿಸುವವರೇ ಆಕ್ಚುಯರಿಗಳು. ಧೂಮಕೇತುವಿನಿಂದ ಪ್ರಸಿದ್ಧನಾದ ಎಡ್ಮಂಡ್ ಹ್ಯಾಲಿಯು 1693ರಲ್ಲಿ ಬ್ರೆಸ್ಲಾವ್ ನಗರದ ಜನನ ಮರಣಗಳ ದಾಖಲೆಗಳಿಂದ ಆಯುಷ್ಯದ ಕೋಷ್ಟಕವೊಂದನ್ನು ರಚಿಸಿದನು. ನಮ್ಮ ಮೈಸೂರು ಸಂಸ್ಥಾನವೂ ಹಿಂದೆ ಬಿದ್ದಿರಲಿಲ್ಲ. 1891ರಲ್ಲಿಯೇ ಅದು ತನ್ನ ನೌಕರರಿಗಾಗಿ ಜೀವವಿಮೆಯನ್ನು ಆರಂಭಿಸಿತು. ತಂದೆಯ ಸಂಬಳದಲ್ಲಿ ‘ಕೆ.ಜಿ.ಐ.ಡಿ.’ ಎಂದು ಕಡಿತವಾಗುತ್ತಿದ್ದುದನ್ನು ಬಲ್ಲವರು ಈ ಸಭೆಯಲ್ಲಿ ಹಲವರಿದ್ದೀರಿ. ಅದೇ ಆ ವಿಮೆ.

ಇನ್ನು ನಮ್ಮ ಡಲ್ಲಾಸಿಗೆ ಬರೋಣ. 1929ರಲ್ಲಿ ಬೇಲರ್ ವಿಶ್ವವಿದ್ಯಾಲಯದ ಇಲ್ಲಿನ ಆಸ್ಪತ್ರೆ ಮತ್ತು ವೈದ್ಯಕೀಯ ಸಂಸ್ಥೆಗಳ ಹೊಣೆ ಜಸ್ಟಿನ್ ಫೋರ್ಡ್ ಕಿಂಬಾಲ್ ಎಂಬವರ ಮೇಲಿತ್ತು. ಅನೇಕ ರೋಗಿಗಳು ಬಿಲ್ಲು ಕಟ್ಟಲಾರದೆ ಆಸ್ಪತ್ರೆಯು ಸಾಲದಲ್ಲಿ ಮುಳುಗುತ್ತಿತ್ತು. ಅವರಲ್ಲಿ ಶಾಲಾ ಶಿಕ್ಷಕರೂ ಇದ್ದರು. ಕಿಂಬಾಲ್ ಮೊದಲು ಡಲ್ಲಾಸ್ ಶಾಲೆಗಳ ಮೇಲಧಿಕಾರಿಯಾಗಿದ್ದವರು. ಶಿಕ್ಷಕರ ಕಾಯಿಲೆಯ ಸಹಾಯನಿಧಿಯ ಹಳೆಯ ಲೆಕ್ಕಪತ್ರಗಳನ್ನು ಅವರು ತರಿಸಿ ನೋಡಿದರು. ಸರಾಸರಿ ತೆಗೆದರೆ ಶಿಕ್ಷಕರೊಬ್ಬರ ಆಸ್ಪತ್ರೆಯ ವೆಚ್ಚ ತಿಂಗಳಿಗೆ ಸುಮಾರು 15 ಸೆಂಟು! ಸುರಕ್ಷಿತವಾದ ಅಂತರವನ್ನಿಟ್ಟುಕೊಂಡು ಅವರು 50 ಸೆಂಟು ಕಂತನ್ನು ಗೊತ್ತುಮಾಡಿದರು. ಪ್ರತಿಯಾಗಿ 21 ದಿನಗಳ ಆಸ್ಪತ್ರೆ ವಾಸದ ಭರವಸೆ. ಸಾವಿರಕ್ಕೂ ಹೆಚ್ಚು ಶಿಕ್ಷಕರು ಸೇರಿದರು. ಮುಂದೆ ದೇಶಾದ್ಯಂತ ಹಬ್ಬಿದ ಬ್ಲೂ ಕ್ರಾಸ್ ಯೋಜನೆಗಳ ಬೀಜ ಇದೇ. ಒಂದು ಕಂತೆ ಹಳೆಯ ಕಾಗದ ಮತ್ತು ಸರಾಸರಿಯ ಗಣಿತ ಎಷ್ಟು ಕುಟುಂಬಗಳನ್ನು ಕಾಪಾಡಿತೆಂಬುದನ್ನು ನನ್ನಂಥ ವೈದ್ಯರು ನೆನೆಯಬೇಕು.

ಆದರೆ ಸರಾಸರಿಯೊಂದೇ ಸಾಲದು. ಕಿಂಬಾಲರು ಶಿಕ್ಷಕರನ್ನು ಗುಂಪಾಗಿಯೇ ಏಕೆ ಸೇರಿಸಿದರು? ಇಷ್ಟಬಂದವರು ಒಬ್ಬೊಬ್ಬರಾಗಿ ಸೇರಬಹುದೆಂದರೆ ಕಾಯಿಲೆಯವರೇ ಮೊದಲು ಬರುತ್ತಾರೆ. ಆಗ ಕಂತು ಏರುತ್ತದೆ. ಏರಿದೊಡನೆ ಆರೋಗ್ಯವಂತರು ಬಿಟ್ಟು ಹೋಗುತ್ತಾರೆ. ಕಂತು ಮತ್ತೂ ಏರುತ್ತದೆ. ಮನುಷ್ಯನ ಇಂಥ ನಡವಳಿಕೆಯನ್ನು ಸಮೀಕರಣಗಳಲ್ಲಿ ಹಿಡಿಯುವುದೇ ಗಣಿತೀಯ ಅರ್ಥಶಾಸ್ತ್ರದ ಕೆಲಸ. ಕೆನೆತ್ ಆರೋ ಅವರು 1963ರಲ್ಲಿ ವೈದ್ಯಕೀಯ ಸೇವೆಯ ಅನಿಶ್ಚಿತತೆಯನ್ನು ಕುರಿತು ಬರೆದ ಲೇಖನ ಆರೋಗ್ಯ ಅರ್ಥಶಾಸ್ತ್ರಕ್ಕೆ ಅಡಿಗಲ್ಲಾಯಿತು. 1972ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ಬಂದಿತು. ಸ್ವಾರಸ್ಯವೆಂದರೆ, ತಾರುಣ್ಯದಲ್ಲಿ ಅವರು ಆಕ್ಚುಯರಿಯಾಗಲು ಯೋಚಿಸಿ ಕೆಲವು ಪರೀಕ್ಷೆಗಳನ್ನೂ ಬರೆದಿದ್ದರು. ಈ ಎರಡು ವಿದ್ಯೆಗಳು ನೆರೆಮನೆಯವು, ನಡುವೆ ಬೇಲಿಯಿಲ್ಲ.

ಹ್ಯೂಸ್ಟನ್ನಿನವರು 2017ರ ಹಾರ್ವಿ ಚಂಡಮಾರುತವನ್ನು ಮರೆತಿರಲಾರರು. ಆಗ ನೀರು ನುಗ್ಗಿದ ಮನೆಗಳಲ್ಲಿ ಬಹುಪಾಲಿಗೆ ಪ್ರವಾಹ ವಿಮೆಯೇ ಇರಲಿಲ್ಲ. ಸಾಮಾನ್ಯ ಗೃಹವಿಮೆಯಲ್ಲಿ ಪ್ರವಾಹ ಸೇರುವುದಿಲ್ಲವೆಂದು ಹಲವರಿಗೆ ತಿಳಿದದ್ದು ಮನೆ ನೆನೆದ ಮೇಲೆ. ಪ್ರವಾಹದ ಸಂಭವವನ್ನು ಲೆಕ್ಕಹಾಕುವುದು ಒಂದು ವಿದ್ಯೆ. ಗೊತ್ತಿದ್ದೂ ಜನ ವಿಮೆಯನ್ನೇಕೆ ಕೊಳ್ಳುವುದಿಲ್ಲವೆಂದು ತಿಳಿಯುವುದು ಇನ್ನೊಂದು ವಿದ್ಯೆ. ಎರಡನ್ನೂ ಬಲ್ಲವರು ಈ ರಾಜ್ಯಕ್ಕೆ ಬೇಕು.

ಇವನ್ನು ಕಲಿಯಲು ನಮ್ಮ ಮಕ್ಕಳು ದೂರ ಹೋಗಬೇಕಾಗಿಲ್ಲ. ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದಲ್ಲಿ ಗಣಿತೀಯ ಅರ್ಥಶಾಸ್ತ್ರ ವಿಶ್ಲೇಷಣೆ ಎಂಬ ಪ್ರತ್ಯೇಕ ಪದವಿಯೇ ಇದೆ. ಆಸ್ಟಿನ್ನಿನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಗಣಿತ ವಿಭಾಗದ ಆಶ್ರಯದಲ್ಲಿ ಆಕ್ಚುಯರಿ ಶಿಕ್ಷಣವಿದೆ. ಡಲ್ಲಾಸಿನ ಪಕ್ಕದ ರಿಚರ್ಡ್‌ಸನ್ನಿನಲ್ಲಿರುವ ಯು.ಟಿ. ಡಲ್ಲಾಸ್ ಇದೇ ವಿಷಯದಲ್ಲಿ ಬಿ.ಎಸ್. ಪದವಿ ಕೊಡುತ್ತದೆ. ರೈಸ್ ಖಾಸಗಿ ಸಂಸ್ಥೆ. ಉಳಿದೆರಡೂ ಸರ್ಕಾರಿ, ರಾಜ್ಯದ ನಿವಾಸಿಗಳಿಗೆ ಶುಲ್ಕ ಕಡಿಮೆ. ಎಲ್ಲಿ ಸೇರಿದರೂ ಕಲನಶಾಸ್ತ್ರ, ಸಂಭವನೀಯತೆ, ಸಂಖ್ಯಾಶಾಸ್ತ್ರಗಳನ್ನು ತಪ್ಪಿಸುವಂತಿಲ್ಲ.

ಪದವಿಯಿಂದಲೇ ಯಾರೂ ಆಕ್ಚುಯರಿಯಾಗುವುದಿಲ್ಲ ಎಂಬುದು ಮುಖ್ಯ. ಜೀವ, ಆರೋಗ್ಯ, ಪಿಂಚಣಿಗಳಿಗೆ ಸೊಸೈಟಿ ಆಫ್ ಆಕ್ಚುಯರೀಸ್, ಕಾರು ಮನೆಗಳ ವಿಮೆಗೆ ಕ್ಯಾಶುವಾಲ್ಟಿ ಆಕ್ಚುರಿಯಲ್ ಸೊಸೈಟಿ ಪರೀಕ್ಷೆಗಳನ್ನು ನಡೆಸುತ್ತವೆ. ಎರಡಕ್ಕೂ ಮೊದಲ ಮೆಟ್ಟಿಲು ಸಂಭವನೀಯತೆಯ ಪರೀಕ್ಷೆ: 3 ಗಂಟೆ, 30 ಪ್ರಶ್ನೆಗಳು. ಅನಂತರ ಬಡ್ಡಿ ಮತ್ತು ಹಣಕಾಸಿನ ಗಣಿತ. ಸುಮಾರು ಅರ್ಧದಷ್ಟು ಮಂದಿ ಒಂದೊಂದು ಸಲವೂ ತೇರ್ಗಡೆಯಾಗುವುದಿಲ್ಲ; ಅದರಲ್ಲಿ ಅವಮಾನವೂ ಇಲ್ಲ. ಉಳಿದವನ್ನು ಕೆಲಸ ಮಾಡುತ್ತಲೇ ವರ್ಷಗಟ್ಟಲೆ ಬರೆಯಬೇಕು. ಎಂ.ಬಿ.ಬಿ.ಎಸ್. ಮುಗಿಸಿ ಇಲ್ಲಿ ಮತ್ತೆ ಪರೀಕ್ಷೆ ಬರೆದು ರೆಸಿಡೆನ್ಸಿ ಮಾಡಿದ ನಮಗೆ ಈ ಸರಮಾಲೆ ಹೊಸದಲ್ಲ. ಒಂದು ವ್ಯತ್ಯಾಸವಿದೆ: ವೈದ್ಯನ ವಿದ್ಯಾರ್ಥಿ ಜೀವನ ಸಾಲದಲ್ಲಿ ಕಳೆಯುತ್ತದೆ, ಇವರದು ಸಂಬಳದಲ್ಲಿ.

ಕಾಲೇಜಿನಲ್ಲಿರುವಾಗಲೇ ಒಂದೆರಡು ಪರೀಕ್ಷೆ ಮುಗಿಸಿ, ಬೇಸಿಗೆಯಲ್ಲಿ ಇಂಟರ್ನ್‌ಶಿಪ್ ಮಾಡಿದವರಿಗೆ ಉದ್ಯೋಗ ಸುಲಭ. ಇಲ್ಲಿ ಹೊಸದಾಗಿ ಬಂದ ಕುಟುಂಬಗಳಿಗೆ ಒಂದು ಎಚ್ಚರಿಕೆ. ಎಚ್-4 ವೀಸಾದಲ್ಲಿರುವ ಮಕ್ಕಳು ಸಂಬಳದ ಇಂಟರ್ನ್‌ಶಿಪ್ ಮಾಡುವಂತಿಲ್ಲ. 21 ವರ್ಷ ತುಂಬಿದೊಡನೆ ಆ ವೀಸಾ ಮುಗಿಯುತ್ತದೆ. ಆದ್ದರಿಂದ ಕಾಲೇಜಿನ ಮೊದಲ ವರ್ಷದಲ್ಲಿಯೇ ವಕೀಲರನ್ನು ಕಂಡು ಎಫ್-1ರ ವಿಚಾರ ಮಾಡುವುದು ಲೇಸು.

ಕೊನೆಯದಾಗಿ ತಂದೆತಾಯಿಗಳಲ್ಲಿ ಒಂದು ವಿನಂತಿ. ಲೆಕ್ಕದಲ್ಲಿ ನೂರಕ್ಕೆ ನೂರು ಬಂದ ಮಾತ್ರಕ್ಕೆ ಮಗುವನ್ನು ಈ ದಾರಿಗೂ ದೂಡಬೇಡಿ. ಒಂಟಿಯಾಗಿ ಕುಳಿತು ನೂರಾರು ಗಂಟೆ ಓದುವ ತಾಳ್ಮೆಯಿದೆಯೆ, ಅಂಕಿಯ ಹಿಂದಿರುವ ಮನುಷ್ಯನನ್ನು ಕಾಣುವ ಕುತೂಹಲವಿದೆಯೆ ಎಂದು ನೋಡಿ. ಇಂದು ಕೂಡಿ ಕಳೆಯುವ ಕೆಲಸವನ್ನು ಯಂತ್ರವೇ ಮಾಡುತ್ತದೆ. ಯಾವ ಪ್ರಶ್ನೆ ಕೇಳಬೇಕೆಂಬ ವಿವೇಕ ಮಾತ್ರ ಮನುಷ್ಯನದು. ಆ ಒಲವು ಇದ್ದಲ್ಲಿ ‘ಎಕನಾಮಿಕ್ಸ್’ ಎಂಬ ಮಾತಿಗೆ ಹೆದರದೆ ಹರಸಿ ಕಳುಹಿಸಿ. ನಮ್ಮ ಹಿರಿಯರು ನಮ್ಮನ್ನು ಏಳು ಸಮುದ್ರದಾಚೆಗೆ ಕಳುಹಿಸಿದಾಗ ಅವರ ಕೈಯಲ್ಲಿ ಯಾವ ಕೋಷ್ಟಕವೂ ಇರಲಿಲ್ಲ. ಇದ್ದದ್ದು ಮಕ್ಕಳ ಮೇಲಿನ ನಂಬಿಕೆ.