ರಾಗಿ ಅಗ್ಗ, ಬದುಕು ದುಬಾರಿ



ಕಷ್ಟಕಾಲ ಎಂದೊಡನೆ ನಿಮ್ಮ ಕಣ್ಣಮುಂದೆ ಬರುವುದು ಬರಗಾಲ. ಕೆರೆ ಒಣಗಿದೆ, ಕಣ ಬರಿದಾಗಿದೆ, ಅಂಗಡಿಯಲ್ಲಿ ಬೆಲೆ ಗಗನಕ್ಕೇರಿದೆ. ಆದರೆ 1930ರ ಆಸುಪಾಸಿನಲ್ಲಿ ನಮ್ಮ ತುಮಕೂರು ಸೀಮೆಯ ಜನ ಇನ್ನೊಂದು ಬಗೆಯ ಕಷ್ಟವನ್ನೂ ಕಂಡರು. ಆಗ ಬೆಲೆ ಏರಲಿಲ್ಲ, ಇಳಿಯಿತು. ಅಗ್ಗವೇ ಜನರನ್ನು ಹಣ್ಣು ಮಾಡಿತು. ಇದು ಹೇಗೆ ಸಾಧ್ಯ?

1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಬ್ಯಾಂಕುಗಳು ಮುಚ್ಚಿದವು, ಕಾರ್ಖಾನೆಗಳು ನಿಂತವು, ಲೋಕದಲ್ಲೆಲ್ಲ ಕೊಳ್ಳುವವರು ಕಡಿಮೆಯಾದರು. 1914ರ ಜುಲೈ ತಿಂಗಳ ಬೆಲೆಯನ್ನು 100 ಎಂದಿಟ್ಟುಕೊಂಡರೆ, ಕಲ್ಕತ್ತೆಯ ಸಗಟು ಬೆಲೆಗಳ ಸೂಚ್ಯಂಕ 1929ರಲ್ಲಿ 141 ಇತ್ತು. 1933ಕ್ಕೆ ಅದು 87ಕ್ಕೆ ಇಳಿಯಿತು. ಕಾರ್ಖಾನೆಯ ಸರಕಿಗಿಂತ ರೈತ ಬೆಳೆದ ಪದಾರ್ಥಗಳ ಬೆಲೆಯೇ ಹೆಚ್ಚು ಬಿದ್ದಿತು.

ನೋಟ್ ಪುಸ್ತಕ ತೆಗೆದುಕೊಂಡು ಒಂದು ಲೆಕ್ಕ ಮಾಡಿ. ಅಂಕಿಗಳು ಉದಾಹರಣೆಗಷ್ಟೆ. ಗುಬ್ಬಿಯ ಹತ್ತಿರ ಒಬ್ಬ ರೈತನಿದ್ದಾನೆ, ಅವನ ಕಂದಾಯ 10 ರೂಪಾಯಿ. ರಾಗಿ ಪಲ್ಲಕ್ಕೆ, ಅಂದರೆ ನೂರು ಸೇರಿಗೆ, 5 ರೂಪಾಯಿ ಇದ್ದಾಗ ಎರಡು ಪಲ್ಲ ಮಾರಿದರೆ ಕಂದಾಯ ತೀರಿತು. ಬೆಲೆ ಎರಡೂವರೆಗೆ ಇಳಿದರೆ? ನಾಲ್ಕು ಪಲ್ಲ ಮಾರಬೇಕು. ಭೂಮಿ ಅಷ್ಟೇ, ಮಳೆ ಅಷ್ಟೇ, ಬೆವರೂ ಅಷ್ಟೇ. ಸಾಹುಕಾರನ ಬಡ್ಡಿಯೂ ಹಾಗೆಯೇ. ಪತ್ರದಲ್ಲಿ ಬರೆದ ರೂಪಾಯಿ ಪೇಟೆಯ ಧಾರಣೆ ಕೇಳಿ ಕರಗುವುದಿಲ್ಲ. ನಾನು ವಿಜ್ಞಾನ ಓದಿದವನು, ನನಗಿದು ಅಳತೆಗೋಲಿನ ಸಮಸ್ಯೆಯಾಗಿ ಕಾಣುತ್ತದೆ. ರಾಗಿಯ ತೂಕ ಬದಲಾಗಲಿಲ್ಲ, ರೂಪಾಯಿ ಭಾರವಾಯಿತು.

ಉಪ್ಪು, ಸೀಮೆಎಣ್ಣೆ, ಬಟ್ಟೆಗೆ ಕಾಸೇ ಬೇಕು. ತೆಂಗು, ಅಡಿಕೆ ತೋಟದವರ ಪಾಡು ಇನ್ನೂ ಬಿಗಿ. ರಾಗಿಯನ್ನಾದರೂ ಮುದ್ದೆ ಮಾಡಿ ಉಣ್ಣಬಹುದು, ಅಡಿಕೆ ಅಗಿದರೆ ಹೊಟ್ಟೆ ತುಂಬೀತೇ?

ಇನ್ನು ಕುಣಿಗಲ್ ಕಡೆ ಬನ್ನಿ. ಅದು ಹಿಪ್ಪುನೇರಳೆಯ ಸೀಮೆ. ಜಪಾನಿನ ರೇಷ್ಮೆಗೆ ಆಗ ಅಮೆರಿಕವೇ ದೊಡ್ಡ ಗಿರಾಕಿ. ಅಲ್ಲಿನ ಹೆಂಗಸರ ಕಾಲುಚೀಲಗಳಿಗೆ ಅದು ಬೇಕಾಗಿತ್ತು. ಅಮೆರಿಕದ ಕೈ ಬರಿದಾದೊಡನೆ ರೇಷ್ಮೆಯ ಬೆಲೆ ಕುಸಿಯಿತು. 1931ರ ಡಿಸೆಂಬರಿನಲ್ಲಿ ಜಪಾನು ಚಿನ್ನದ ಪ್ರಮಾಣವನ್ನು ಬಿಟ್ಟ ಮೇಲೆ ಅದರ ನಾಣ್ಯವಾದ ಯೆನ್ನಿನ ಬೆಲೆಯೂ ಇಳಿದು, ಅಲ್ಲಿನ ಸರಕು ಇನ್ನೂ ಅಗ್ಗವಾಯಿತು. ಆ ರೇಷ್ಮೆ, ಜೊತೆಗೆ ಚೀನಾದ್ದೂ, ನಮ್ಮ ಪೇಟೆಗೆ ಬಂದು ಬಿತ್ತು. ಹಗಲು ರಾತ್ರಿ ಹುಳುವಿಗೆ ಸೊಪ್ಪು ಹಾಕಿ, ಚಂದ್ರಿಕೆಯ ತುಂಬ ಗೂಡು ಕಟ್ಟಿಸಿದರೂ ಕೈಗೆ ಬಂದದ್ದು ಅಷ್ಟಕ್ಕಷ್ಟೆ. ಮೈಸೂರು ಸಂಸ್ಥಾನದಲ್ಲಿ ಹಿಪ್ಪುನೇರಳೆ ಕಿತ್ತು ರಾಗಿ ಬಿತ್ತಿದವರಿದ್ದರು, ಅದೂ ರಾಗಿಗೇ ಬೆಲೆಯಿಲ್ಲದ ಕಾಲದಲ್ಲಿ! ವಿದೇಶಿ ರೇಷ್ಮೆಯ ಮೇಲೆ ರಕ್ಷಣಾ ಸುಂಕ ಬಂದದ್ದು 1934ರಲ್ಲಿ. ಷೇರುಪೇಟೆಯ ಹೆಸರನ್ನೇ ಕೇಳದ ಹೆಣ್ಣುಮಗಳೊಬ್ಬಳು ಕುಣಿಗಲ್ಲಿನ ಹಳ್ಳಿಯಲ್ಲಿ ಅದರ ದಂಡ ಕಟ್ಟಿದಳು.

ಎಲ್ಲವೂ ಅಗ್ಗವಾದಾಗ ದುಬಾರಿಯಾದದ್ದು ಚಿನ್ನ. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಚಿನ್ನದ ಪ್ರಮಾಣವನ್ನು ಕೈಬಿಟ್ಟಿತು. ಪೌಂಡಿಗೆ ಕಟ್ಟಿಹಾಕಿದ್ದ ರೂಪಾಯಿಯೂ ಅದರೊಂದಿಗೆ ಇಳಿಯಿತು. ತೊಲಕ್ಕೆ ಸುಮಾರು 21 ರೂಪಾಯಿ ಇದ್ದ ಚಿನ್ನ ಕೆಲವೇ ವರ್ಷಗಳಲ್ಲಿ 30 ದಾಟಿತು. ಒಡವೆಗಳು ಮನೆಯಿಂದ ಹೊರಟವು. ಚಿನ್ನ ತರಿಸಿಕೊಳ್ಳುತ್ತಿದ್ದ ದೇಶ ಚಿನ್ನ ಕಳಿಸುವ ದೇಶವಾಯಿತು. ಗುಬ್ಬಿ ಕಡೆಯವರಾದ ನನ್ನ ಅಜ್ಜಿ ಹೇಳುತ್ತಿದ್ದರು: “ಅಮ್ಮನ ಬುಗುಡಿ ಕಂದಾಯಕ್ಕೆ ಹೋಯ್ತು ಕಣಪ್ಪ, ಕಿವಿಯ ತೂತು ಮಾತ್ರ ಉಳೀತು.”

ತುಮಕೂರು ಪಟ್ಟಣದಲ್ಲಿ ನೌಕರಿ ಕೈಯಲ್ಲಿದ್ದವರಿಗೆ ಅದೇ ಅಗ್ಗ ಅನುಕೂಲವೇ ಆಯಿತು. ಓದು ಮುಗಿಸಿ ನೌಕರಿ ಹುಡುಕುತ್ತಿದ್ದವರಿಗೆ ಅಲ್ಲ.

ಪಕ್ಕದ ಸಿದ್ಧಗಂಗೆಯಲ್ಲಿ 1917ರಿಂದಲೇ ಸಂಸ್ಕೃತ ಪಾಠಶಾಲೆ ನಡೆಯುತ್ತಿತ್ತು. ಶಿವಕುಮಾರ ಸ್ವಾಮಿಗಳು ಸನ್ಯಾಸ ದೀಕ್ಷೆ ಪಡೆದದ್ದು 1930ರಲ್ಲಿ, ಅಂದರೆ ಈ ಮುಗ್ಗಟ್ಟಿನ ನಡುವೆಯೇ. ಹಳ್ಳಿಗಳಿಂದ ಭಿಕ್ಷೆಯಾಗಿ ಬಂದ ರಾಗಿ, ಕಾಳುಗಳಿಂದ ಅಲ್ಲಿನ ಮಕ್ಕಳ ಊಟ ಸಾಗಿತು. ಕಾಸು ಕೊಡಲಾರದ ರೈತನೂ ಒಂದು ಮೊರ ರಾಗಿ ಕೊಡಬಲ್ಲವನಾಗಿದ್ದ.

ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಆ ಕಾಲದ ಕಂದಾಯದ ರಸೀದಿ, ಭೋಗ್ಯಪತ್ರ, ಕ್ರಯಪತ್ರಗಳಿದ್ದರೆ ಹಿರಿಯರನ್ನು ಕೇಳಿ ಹೊರತೆಗೆಯಿರಿ. ಮೊದಲು ಇಸವಿ ನೋಡಿ. 1930ರಿಂದ 1934ರ ನಡುವಿನದಾಗಿದ್ದರೆ, ಎಷ್ಟು ರೂಪಾಯಿಗೆ ಎಷ್ಟು ಎಕರೆ, ಎಷ್ಟು ಗುಂಟೆ ಹೋಯಿತೆಂಬುದನ್ನು ಬರೆದಿಟ್ಟುಕೊಳ್ಳಿ.