ಗಾಯದ ಲೆಕ್ಕವೂ ಆಟಗಾರನ ಬೆಲೆಯೂ



ತಂಡಕ್ಕೆ ಆಟಗಾರರನ್ನು ಆರಿಸತಕ್ಕ ಕಾರ್ಯವು ಹೊರಗಿನಿಂದ ನೋಡುವವರಿಗೆ ಎಷ್ಟೇ ಸುಲಭವೆಂದು ತೋರಿದರೂ, ಅದರ ಹೊಣೆಯನ್ನು ಹೊತ್ತವರಿಗೆ ಅದೊಂದು ಧರ್ಮಸಂಕಟವೆಂಬುದು ಈ ಸಭೆಯಲ್ಲಿರುವ ಯಾರಿಗೂ ಅಪರಿಚಿತವಾದ ಸಂಗತಿಯಲ್ಲ. ಆ ಸಂಕಟಗಳಲ್ಲಿ ಅತ್ಯಂತ ಕಠಿನವಾದದ್ದನ್ನು ಈ ಸಂಕಿರಣದ ವ್ಯವಸ್ಥಾಪಕರು ಇಂದಿನ ಪರ್ಯಾಲೋಚನೆಗೆ ವಿಷಯವನ್ನಾಗಿ ಆರಿಸಿಕೊಂಡಿದ್ದಾರೆ. ಹಾಕಿ ತಂಡದ ಮುಂಚೂಣಿಯಲ್ಲಿ ಆಡುವ ಯುವಕನೊಬ್ಬನು ಪ್ರತಿಭೆಯಲ್ಲಿ ಅದ್ವಿತೀಯನಾಗಿದ್ದು, ದೇಹದ ವಿಷಯದಲ್ಲಿ ಮಾತ್ರ ಪದೇ ಪದೇ ಗಾಯಕ್ಕೆ ಈಡಾಗುತ್ತಿದ್ದರೆ, ಅವನಿಂದ ತಂಡಕ್ಕೆ ಆಗುವ ಪ್ರಯೋಜನವನ್ನು ಯಾವ ಅಳತೆಗೋಲಿನಿಂದ ನಿರ್ಣಯಿಸಬೇಕು? ಆಯ್ಕೆಯ ಕೊಠಡಿಯಲ್ಲಿ ಈ ಪ್ರಶ್ನೆಗೆ ಬಹುಮಟ್ಟಿಗೆ ಒಂದೇ ವಾಕ್ಯದಲ್ಲಿ ಉತ್ತರ ದೊರೆಯುತ್ತದೆ: “ಹುಡುಗ ಚೆನ್ನಾಗಿ ಆಡ್ತಾನೆ ಸ್ವಾಮಿ, ಆದರೆ ನಂಬೋ ಹಾಗಿಲ್ಲ.” ಈ ವಾಕ್ಯದಿಂದ ಎಷ್ಟು ಹುಡುಗರ ಆಟವು ಅಲ್ಲಿಗೇ ನಿಂತುಹೋಗಿದೆಯೋ ಬಲ್ಲವರಾರು. ಆಟಗಾರನ ಬೆಲೆಯನ್ನು ಕಟ್ಟುವ ಮೊದಲು ಅವನ ಗಾಯದ ಕಾರಣವನ್ನು ಅರಿಯತಕ್ಕದ್ದು, ಕಾರಣವನ್ನು ವಿಚಾರಿಸದೆ ಕಟ್ಟಿದ ಬೆಲೆಯು ನ್ಯಾಯವೂ ಅಲ್ಲ, ಲೆಕ್ಕವೂ ಅಲ್ಲ ಎಂಬುದೇ ನಾನು ಇಂದು ನಿಮ್ಮ ಮುಂದೆ ಇಡಬಯಸುವ ಅಭಿಪ್ರಾಯ.

ಮೊದಲಿಗೆ, ಮುಂಚೂಣಿ ಆಟಗಾರನಿಂದ ತಂಡಕ್ಕೆ ಸಲ್ಲುವುದೇನು ಎಂಬುದನ್ನು ನೋಡೋಣ. ಸಾಮಾನ್ಯ ಪ್ರೇಕ್ಷಕನು ಗೋಲುಗಳನ್ನು ಎಣಿಸುತ್ತಾನೆ. ಪತ್ರಿಕೆಗಳೂ ಗೋಲು ಹೊಡೆದವನ ಹೆಸರನ್ನೇ ದಪ್ಪಕ್ಷರದಲ್ಲಿ ಮುದ್ರಿಸುತ್ತವೆ. ಆದರೆ ಕೊಡಗಿನ ಸೋಮವಾರಪೇಟೆಯಿಂದ ಬಂದ ಮುಂಚೂಣಿ ಆಟಗಾರ ಎಸ್. ವಿ. ಸುನಿಲ್ ಅವರ ಆಟದ ಬದುಕನ್ನು ಪರಿಶೀಲಿಸಿದರೆ ಈ ಎಣಿಕೆ ಎಷ್ಟು ಅಪೂರ್ಣವೆಂಬುದು ಮನದಟ್ಟಾಗುತ್ತದೆ. 2007ರಲ್ಲಿ ಚೆನ್ನೈಯ ಏಷ್ಯಾ ಕಪ್ಪಿನಲ್ಲಿ, ಹದಿನೆಂಟರ ಹರೆಯದಲ್ಲಿ, ರಾಷ್ಟ್ರತಂಡವನ್ನು ಪ್ರವೇಶಿಸಿ, 2012 ಮತ್ತು 2016ರ ಒಲಿಂಪಿಕ್ಸ್‌ಗಳಲ್ಲಿ ಆಡಿ, 2014ರ ಇಂಚಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಸ್ವರ್ಣಪದಕವನ್ನು ಗೆದ್ದ ತಂಡದಲ್ಲಿದ್ದು, 2017ರಲ್ಲಿ ಅರ್ಜುನ ಪ್ರಶಸ್ತಿಯನ್ನು ಪಡೆದು, 2021ರಲ್ಲಿ ನಿವೃತ್ತರಾದ ಅವರು 264 ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಹೊಡೆದ ಗೋಲುಗಳು 72. ನಾಲ್ಕು ಪಂದ್ಯಕ್ಕೆ ಒಂದು ಗೋಲಿಗಿಂತ ಸ್ವಲ್ಪ ಹೆಚ್ಚು ಎಂದು ಹೇಳಿ ಪುಸ್ತಕವನ್ನು ಮುಚ್ಚುವವನು, ಬಲ ಪಾರ್ಶ್ವದಲ್ಲಿ ಅವರು ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡು ಓಡಿದಾಗ ಎದುರಾಳಿಯ ಇಬ್ಬರು ರಕ್ಷಕರು ತಮ್ಮ ಸ್ಥಾನವನ್ನು ಬಿಟ್ಟು ಅವರತ್ತ ಸರಿಯುತ್ತಿದ್ದುದನ್ನೂ, ಹಾಗೆ ತೆರವಾದ ಜಾಗದಲ್ಲಿ ಸಹ ಆಟಗಾರನೊಬ್ಬನು ಗೋಲಿನೆದುರು ಒಬ್ಬನೇ ನಿಲ್ಲುತ್ತಿದ್ದುದನ್ನೂ, ಡಿ ವೃತ್ತದೊಳಗೆ ಎದುರಾಳಿಯು ಎಸಗಿದ ತಪ್ಪಿನಿಂದ ಪೆನಾಲ್ಟಿ ಕಾರ್ನರ್ ದೊರೆಯುತ್ತಿದ್ದುದನ್ನೂ, ಚೆಂಡು ಕೈತಪ್ಪಿದ ಕ್ಷಣದಲ್ಲಿಯೇ ಅವರು ಹಿಂದಿರುಗಿ ಬೆನ್ನಟ್ಟುತ್ತಿದ್ದುದನ್ನೂ ಕಾಣಲಿಲ್ಲವೆಂದೇ ಹೇಳಬೇಕಾಗುತ್ತದೆ.

ಆಟದ ನಿಯಮಗಳು ಬದಲಾದಂತೆ ಈ ಅಗೋಚರವಾದ ದುಡಿಮೆಯ ತೂಕವು ಇನ್ನಷ್ಟು ಹೆಚ್ಚಿದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹುಲ್ಲಿನ ನೆಲವು ಹೋಗಿ ಕೃತಕ ಹಾಸು ಬಂತು. 1990ರ ದಶಕದಲ್ಲಿ ಆಫ್‌ಸೈಡ್ ನಿಯಮವು ರದ್ದಾಯಿತು. ಅದೇ ದಶಕದಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಬದಲಾಯಿಸುವ ಪದ್ಧತಿ ರೂಢಿಗೆ ಬಂತು. ಈಗ ಹದಿನೈದು ನಿಮಿಷಗಳ ನಾಲ್ಕು ಅವಧಿಗಳಲ್ಲಿ ನಡೆಯುವ ಪಂದ್ಯದಲ್ಲಿ ಮುಂಚೂಣಿಯವನು ಕೆಲವೇ ನಿಮಿಷಗಳ ಕಾಲ ಪೂರ್ಣ ವೇಗದಲ್ಲಿ ಆಡಿ, ಬೆಂಚಿಗೆ ಮರಳಿ, ಉಸಿರು ಸುಧಾರಿಸಿಕೊಂಡು ಮತ್ತೆ ಅಂಗಣಕ್ಕಿಳಿಯುತ್ತಾನೆ. ಆದಕಾರಣ ಅವನನ್ನು ಆಡಿದ ಪಂದ್ಯಗಳಿಂದಾಗಲಿ ಗೋಲುಗಳಿಂದಾಗಲಿ ಅಳೆಯದೆ, ಅಂಗಣದಲ್ಲಿ ಕಳೆದ ನಿಮಿಷಗಳಿಂದಲೂ ಆ ನಿಮಿಷಗಳಲ್ಲಿ ತಂಡಕ್ಕೆ ದೊರೆತ ಅವಕಾಶಗಳಿಂದಲೂ ಅಳೆಯುವುದು ಯುಕ್ತ.

ಇನ್ನು ಅನುಪಸ್ಥಿತಿಯ ಲೆಕ್ಕ. ಇಪ್ಪತ್ತು ಪಂದ್ಯಗಳ ಋತುವೊಂದನ್ನು ಊಹಿಸಿಕೊಳ್ಳಿ. ಒಬ್ಬ ಹುಡುಗನು ಎಲ್ಲ ಇಪ್ಪತ್ತನ್ನೂ ಆಡಿ ಪಂದ್ಯಕ್ಕೊಂದರಂತೆ ಇಪ್ಪತ್ತು ಪೆನಾಲ್ಟಿ ಕಾರ್ನರ್‌ಗಳನ್ನು ದೊರಕಿಸಿಕೊಡುತ್ತಾನೆ. ಇನ್ನೊಬ್ಬನು ಗಾಯದಿಂದಾಗಿ ಹನ್ನೆರಡನ್ನು ಮಾತ್ರ ಆಡಿ, ಪಂದ್ಯಕ್ಕೆ ಮೂರರಂತೆ ಮೂವತ್ತಾರನ್ನು ದೊರಕಿಸುತ್ತಾನೆ. ಅವನಿಲ್ಲದ ಎಂಟು ಪಂದ್ಯಗಳಲ್ಲಿ ತಂಡವು ಹತ್ತೇ ಜನರೊಡನೆ ಆಡುವುದಿಲ್ಲ. ಅವನ ಜಾಗದಲ್ಲಿ ಸಾಧಾರಣನಾದ ಮತ್ತೊಬ್ಬನು ಆಡಿ ಎಂಟನ್ನು ತರುತ್ತಾನೆ. ಒಟ್ಟು ನಲವತ್ತನಾಲ್ಕು. ಗೈರುಹಾಜರಿಯ ದಿನಗಳನ್ನು ಸೊನ್ನೆಯೆಂದು ಭಾವಿಸುವುದೇ ನಮ್ಮ ಆಯ್ಕೆಯ ಮಂಡಲಿಗಳು ಮಾಡುವ ಮೊದಲನೆಯ ತಪ್ಪು. ಆದರೆ ಈ ಲೆಕ್ಕಕ್ಕೂ ಒಂದು ಮಿತಿಯುಂಟು. ಋತುವಿಡೀ ಹರಡಿಕೊಂಡ ಲೀಗಿನಲ್ಲಿ ಇದು ಸಲ್ಲುತ್ತದೆ. ಮೂರು ನಾಲ್ಕು ದಿನಗಳಲ್ಲಿ ಮುಗಿಯುವ, ಸೋತವರು ಮನೆಗೆ ನಡೆಯುವ ಪಂದ್ಯಾವಳಿಯಲ್ಲಿ ಸಲ್ಲುವುದಿಲ್ಲ. ಅಲ್ಲಿ ಹದಿನಾರೋ ಹದಿನೆಂಟೋ ಜನರ ಪಟ್ಟಿಯಲ್ಲಿ ಸ್ಥಾನ ಪಡೆದವನು ಮೊದಲ ದಿನವೇ ಕುಂಟಿದರೆ, ಉಳಿದ ಮುಂಚೂಣಿಯವರು ಬೆಂಚಿನ ವಿಶ್ರಾಂತಿಯನ್ನು ಕಳೆದುಕೊಂಡು, ಕೊನೆಯ ಅವಧಿಯ ಹೊತ್ತಿಗೆ ಕಾಲೆಳೆಯುತ್ತಾರೆ. ಯಾವ ಪಂದ್ಯಾವಳಿಗಾಗಿ ಆರಿಸುತ್ತಿದ್ದೇವೆ ಎಂಬುದನ್ನು ಮೊದಲು ಹೇಳದೆ ಆಟಗಾರನ ಬೆಲೆಯನ್ನು ಹೇಳುವುದಕ್ಕಾಗದು.

ಅನುಪಸ್ಥಿತಿಯ ಭಾರ ಎಂಥದೆಂಬುದನ್ನು ನಮ್ಮ ರಾಷ್ಟ್ರತಂಡವು 2018ರಲ್ಲಿ ಅನುಭವಿಸಿತು. ಆ ವರ್ಷದ ಬೇಸಗೆಯಲ್ಲಿ ನೆದರ್ಲೆಂಡ್ಸಿನ ಬ್ರೇಡಾದಲ್ಲಿ ನಡೆದ ಚಾಂಪಿಯನ್ಸ್ ಟ್ರೋಫಿಯಲ್ಲಿ ಮುಂಚೂಣಿ ಆಟಗಾರ ರಮಣ್‌ದೀಪ್ ಸಿಂಗ್ ಅವರ ಮೊಣಕಾಲಿಗೆ ಪೆಟ್ಟಾಯಿತು. ವಿಶ್ವಕಪ್ಪಿಗೆ ಮುಂಚಿನ ಸಿದ್ಧತೆಯ ಕಾಲದಲ್ಲಿ ಸುನಿಲ್ ಅವರ ಮೊಣಕಾಲಿಗೂ ಪೆಟ್ಟಾಯಿತು. ಅನುಭವಸ್ಥರಾದ ಇಬ್ಬರು ಮುಂಚೂಣಿಯವರು ಇಲ್ಲದೆಯೇ ಭಾರತವು ಭುವನೇಶ್ವರದ ವಿಶ್ವಕಪ್ಪನ್ನು ಆಡಿ, ಕ್ವಾರ್ಟರ್ ಫೈನಲ್‌ನಲ್ಲಿ ನೆದರ್ಲೆಂಡ್ಸಿಗೆ 1–2ರಿಂದ ಸೋತಿತು. ಅವರಿದ್ದಿದ್ದರೆ ಗೆಲ್ಲುತ್ತಿದ್ದೆವೆಂದು ಯಾರೂ ಆಣೆಯಿಟ್ಟು ಹೇಳಲಾರರು. ಆದರೆ ಮುಖ್ಯವಾದ ಸಂಗತಿ ಅನಂತರದ್ದು. ಇಬ್ಬರನ್ನೂ ಮುಗಿದವರೆಂದು ಕೈಬಿಡದೆ, ಗುಣವಾಗಲು ಕಾಲವನ್ನು ಕೊಟ್ಟದ್ದರಿಂದ ಇಬ್ಬರೂ 2019ರಲ್ಲಿ ಮರಳಿ ತಂಡದಲ್ಲಿ ಆಡಿದರು. ಆ ವರ್ಷದ ನವೆಂಬರಿನಲ್ಲಿ ರಷ್ಯಾದ ಎದುರು ನಡೆದ ಒಲಿಂಪಿಕ್ ಅರ್ಹತಾ ಪಂದ್ಯಗಳಿಗೆ ಆರಿಸಿದ ತಂಡದಲ್ಲಿ ಸುನಿಲ್ ಅವರಿದ್ದರು.

ಇಲ್ಲಿಂದ ಕಾರಣಮೀಮಾಂಸೆಗೆ ಬರೋಣ. ಕಬ್ಬಿಣದ ಕಾರ್ಖಾನೆಯ ಊರಾದ ಭದ್ರಾವತಿಯಲ್ಲಿ ನಿಂತು ಈ ವಿಷಯವನ್ನು ಎತ್ತುವುದಕ್ಕೆ ವಿಶೇಷವಾದ ಔಚಿತ್ಯವುಂಟು. ಕೆಲವರು ಹುಟ್ಟಿನಿಂದಲೇ ಪೆಟ್ಟಿಗೆ ಈಡಾಗುವ ಸ್ವಭಾವದವರು ಎಂಬ ಭಾವನೆಗೆ ಶಾಸ್ತ್ರದ ರೂಪ ದೊರೆತದ್ದು ಕಾರ್ಖಾನೆಗಳಲ್ಲಿಯೇ. ನಮ್ಮ ಕಬ್ಬಿಣದ ಕಾರ್ಖಾನೆಯು ಇನ್ನೂ ಕಟ್ಟಡದ ಹಂತದಲ್ಲಿದ್ದ 1919ರಲ್ಲಿ, ಇಂಗ್ಲೆಂಡಿನ ಮದ್ದುಗುಂಡಿನ ಕಾರ್ಖಾನೆಗಳ ಕೆಲಸಗಾರರ ಅಪಘಾತಗಳನ್ನು ಪರಿಶೀಲಿಸಿದ ಗ್ರೀನ್‌ವುಡ್ ಮತ್ತು ವುಡ್ಸ್ ಎಂಬ ವಿದ್ವಾಂಸರು, ಕೆಲವೇ ಜನರ ಪಾಲಿಗೆ ಹೆಚ್ಚು ಅಪಘಾತಗಳು ಬಂದಿರುವುದನ್ನು ತೋರಿಸಿಕೊಟ್ಟರು. 1926ರಲ್ಲಿ ಫಾರ್ಮರ್ ಮತ್ತು ಚೇಂಬರ್ಸ್ ಅದಕ್ಕೊಂದು ಹೆಸರನ್ನಿಟ್ಟು ಅದನ್ನು ವ್ಯಕ್ತಿಯ ಲಕ್ಷಣವೆಂದರು. ಆದರೆ 1951ರಲ್ಲಿ ಆರ್ಬಸ್ ಮತ್ತು ಕೆರಿಕ್ ಇಬ್ಬರೂ ಈ ವಾದವನ್ನು ನಿಷ್ಠುರವಾಗಿ ವಿಮರ್ಶಿಸಿದರು. ಎಲ್ಲರಿಗೂ ಅಪಾಯ ಸಮನಾಗಿದ್ದರೂ, ಆಕಸ್ಮಿಕದ ನಿಯಮದಿಂದಲೇ ಕೆಲವರಿಗೆ ಎರಡು ಮೂರು ಪೆಟ್ಟುಗಳೂ ಕೆಲವರಿಗೆ ಒಂದೂ ಇಲ್ಲದಿರುವುದೂ ಸಹಜ. ಅಪಾಯದ ಯಂತ್ರದ ಮುಂದೆ ಹೆಚ್ಚು ಹೊತ್ತು ನಿಲ್ಲುವವನಿಗೆ ಪೆಟ್ಟು ಹೆಚ್ಚಾಗುವುದೂ ಸಹಜ. ಕುಲುಮೆಯ ಬಳಿ ಒಬ್ಬನ ಕೈ ಸುಟ್ಟರೆ, ಬಲ್ಲ ಮೇಸ್ತ್ರಿಯು ಅವನ ಜಾತಕವನ್ನು ಕೇಳುವುದಿಲ್ಲ. ತಡೆಗೋಡೆ ಸರಿಯಿತ್ತೆ, ಪಾಳಿ ಎಷ್ಟು ತಾಸಿನದು, ಕೈಗವಸು ಕೊಟ್ಟಿದ್ದರೇ ಎಂದು ಕೇಳುತ್ತಾನೆ. ಆಟದ ಅಂಗಣದಲ್ಲಿಯೂ ನಾವು ಕೇಳತಕ್ಕ ಪ್ರಶ್ನೆಗಳು ಅದೇ ಜಾತಿಯವು.

ನಮ್ಮ ಜಿಲ್ಲೆಯ ಪ್ರತಿಭಾವಂತ ಹುಡುಗನ ಒಂದು ವರ್ಷವನ್ನು ನೋಡಿ. ಕಾಲೇಜಿನ ತಂಡ ಅವನನ್ನು ಬಿಡದು, ಜಿಲ್ಲಾ ತಂಡ ಬಿಡದು, ವಿಶ್ವವಿದ್ಯಾಲಯದ ತಂಡ ಬಿಡದು. ಊರಿನ ಕ್ಲಬ್ಬಿನವರು ಭಾನುವಾರದ ಪಂದ್ಯಕ್ಕೆ ಮನೆಯ ಬಾಗಿಲಿಗೇ ಬರುತ್ತಾರೆ. ಸಾಮಾನ್ಯ ಆಟಗಾರನಿಗೆ ದೊರೆಯುವ ವಿಶ್ರಾಂತಿಯು ಉತ್ತಮನಿಗೆ ದೊರೆಯುವುದಿಲ್ಲ. ಮಣ್ಣಿನ ಮೈದಾನದಲ್ಲಿ ಕಲಿತವನು ಬೆಂಗಳೂರಿನ ಅಕ್ಕಿತಿಮ್ಮನಹಳ್ಳಿಯ ಟರ್ಫಿನ ಮೇಲೆ ಒಮ್ಮೆಲೇ ಇಳಿದಾಗ ಆಗುವುದನ್ನು ಸಮೀಪದಿಂದ ಗಮನಿಸಿರಿ. ಸೊಂಟವನ್ನು ಬಗ್ಗಿಸಿ, ಚೆಂಡನ್ನು ಬಲಕ್ಕೆ ತಳ್ಳಿಕೊಂಡು ಓಡುತ್ತಿದ್ದವನು ರಕ್ಷಕನನ್ನು ವಂಚಿಸಲು ತಟ್ಟನೆ ನಿಂತು ಎಡಕ್ಕೆ ಹೊರಳುತ್ತಾನೆ. ಮಣ್ಣಿನಲ್ಲಾದರೆ ಪಾದವು ಒಂದಿಷ್ಟು ಜಾರಿ ಆ ವೇಗವನ್ನು ನುಂಗಿಕೊಳ್ಳುತ್ತಿತ್ತು. ಟರ್ಫಿನಲ್ಲಿ ಪಾದವು ಕಚ್ಚಿ ನಿಲ್ಲುತ್ತದೆ, ಮೇಲಿನ ದೇಹ ತಿರುಗುತ್ತದೆ, ಮೊಣಕಾಲು ಒಳಕ್ಕೆ ಬಾಗುತ್ತದೆ. ಯಾರೂ ಮುಟ್ಟದೆಯೇ ಹುಡುಗನು ಕಾಲು ಹಿಡಿದುಕೊಂಡು ಕುಸಿಯುತ್ತಾನೆ. ಎಸಿಎಲ್ ಎಂದು ವೈದ್ಯರು ಕರೆಯುವ ಒಳಗಿನ ಕಟ್ಟು ಹರಿಯುವುದು ಅನೇಕ ವೇಳೆ ಹೀಗೆಯೇ. ಇದರಲ್ಲಿ ಅವನ ಸ್ವಭಾವದ ದೋಷವೆಲ್ಲಿ? ಬೂಟಿನ ಅಡಿ, ನೆಲದ ಗುಣ, ತೊಡೆಯ ಹಿಂಭಾಗದ ಸ್ನಾಯುವಿನ ಬಲ, ನಿಂತು ತಿರುಗುವುದನ್ನು ಕಲಿಸಿದ ರೀತಿ, ಹಿಂದಿನ ವಾರ ಆಡಿದ ಪಂದ್ಯಗಳ ಸಂಖ್ಯೆ: ಇವೆಲ್ಲವೂ ತಿದ್ದಲು ಬರುವಂಥವು.

ತಿದ್ದಲಾರದ ಕಾರಣಗಳೂ ಇವೆ ಎಂಬುದನ್ನು ನಾನು ಮರೆಮಾಡುವುದಿಲ್ಲ. ಒಮ್ಮೆ ಹರಿದ ಸ್ನಾಯು ಮತ್ತೆ ಹರಿಯುವ ಸಂಭವ ಹೆಚ್ಚು. ಹಿಂದಿನ ಗಾಯವೇ ಮುಂದಿನ ಗಾಯದ ಪ್ರಬಲವಾದ ಸೂಚನೆಯೆಂದು ಕ್ರೀಡಾವೈದ್ಯವು ಒಪ್ಪಿದೆ. ಆದರೆ ಅದೇ ಶಾಸ್ತ್ರವು ಕಾಲದ ಮಹಿಮೆಯನ್ನೂ ಹೇಳುತ್ತದೆ. ಎಸಿಎಲ್ ಶಸ್ತ್ರಚಿಕಿತ್ಸೆಯ ತರುವಾಯ ಆಟಕ್ಕೆ ಮರಳುವುದನ್ನು ಒಂಬತ್ತು ತಿಂಗಳು ತುಂಬುವವರೆಗೆ ಮುಂದೂಡಿದಷ್ಟೂ, ಪ್ರತಿಯೊಂದು ತಿಂಗಳಿಗೂ ಮರುಗಾಯದ ಪ್ರಮಾಣವು ಸುಮಾರು ಅರ್ಧದಷ್ಟು ತಗ್ಗುವುದೆಂದು ನಾರ್ವೆ ಮತ್ತು ಅಮೆರಿಕದ ಸಂಶೋಧಕರು 2016ರಲ್ಲಿ ಪ್ರಕಟಿಸಿದರು. ಆರನೆಯ ತಿಂಗಳಲ್ಲಿ ಅಂತರ ಕಾಲೇಜು ಪಂದ್ಯಾವಳಿ ಬಂತೆಂದು ಹುಡುಗನನ್ನು ಅಂಗಣಕ್ಕೆ ಎಳೆದು ತಂದು, ಅವನು ಪುನಃ ಬಿದ್ದಾಗ ಅವನ ದೇಹವೇ ದುರ್ಬಲವೆಂದು ಹೇಳುವುದು, ನಾವೇ ಮಾಡಿದ ಸಾಲವನ್ನು ಅವನ ಹೆಸರಿಗೆ ಬರೆದಂತೆ.

ಈ ಮೌಲ್ಯನಿರ್ಣಯದಲ್ಲಿ ಎಲ್ಲಕ್ಕಿಂತ ದುಃಖಕರವಾದ ಅಂಶವೊಂದಿದೆ. ಬಡ ಮನೆಯ ಹುಡುಗನಿಗೆ ಆಟವೆಂದರೆ ಕ್ರೀಡಾ ಮೀಸಲಾತಿಯ ಕಾಲೇಜು ಸೀಟು, ಕ್ರೀಡಾ ನಿಲಯದ ಊಟ, ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಸಿಗಬಹುದಾದ ನೌಕರಿ. ನಂಬುವ ಹಾಗಿಲ್ಲ ಎಂಬ ಮಾತು ತನ್ನ ಮೇಲೆ ಬಿದ್ದರೆ ಇವೆಲ್ಲವೂ ಕೈಬಿಟ್ಟು ಹೋಗುವುವೆಂದು ಬಲ್ಲವನು ನೋವನ್ನು ಹೇಳುವುದಿಲ್ಲ. ಮೊಣಕಾಲಿಗೆ ಪಟ್ಟಿ ಬಿಗಿದು, ಮಾತ್ರೆ ನುಂಗಿ, “ಏನೂ ಇಲ್ಲ ಸಾರ್, ಆಡ್ತೀನಿ” ಎನ್ನುತ್ತಾನೆ. ಹತ್ತು ದಿನದ ವಿಶ್ರಾಂತಿಯಿಂದ ವಾಸಿಯಾಗತಕ್ಕ ಸೆಳೆತವು ಹೀಗೆ ಹತ್ತು ತಿಂಗಳ ಗಾಯವಾಗಿ ಬೆಳೆಯುತ್ತದೆ. ನಮ್ಮ ತೀರ್ಪಿನ ಭಯವೇ ನಮ್ಮ ತೀರ್ಪನ್ನು ನಿಜಮಾಡುತ್ತದೆ. ಹುಡುಗನು ನಿರ್ಭಯವಾಗಿ ನೋವನ್ನು ಹೇಳಬಲ್ಲ ತಂಡದಲ್ಲಿ ಮಾತ್ರವೇ ಅವನ ಬೆಲೆಯನ್ನು ಸರಿಯಾಗಿ ತಿಳಿಯಲು ಸಾಧ್ಯ.

ಅವಸರದ ನಿರ್ಣಯವನ್ನು ಕುರಿತು ಈ ಊರಿಗೆ ತನ್ನದೇ ಆದ ಪಾಠವೊಂದಿದೆ. ಭದ್ರಾವತಿಯಲ್ಲಿ ಜನಿಸಿದ ಕ್ರಿಕೆಟ್ ಆಟಗಾರ ಜಿ. ಆರ್. ವಿಶ್ವನಾಥ್ ಅವರು 1969ರಲ್ಲಿ ಕಾನ್ಪುರದಲ್ಲಿ ತಮ್ಮ ಮೊದಲ ಟೆಸ್ಟಿನ ಮೊದಲ ಸರದಿಯಲ್ಲಿ ಸೊನ್ನೆಗೆ ಔಟಾಗಿ, ಎರಡನೆಯದರಲ್ಲಿ 137 ಓಟಗಳನ್ನು ಹೊಡೆದರು. ಕ್ರಿಕೆಟ್ ಬೇರೆ, ಹಾಕಿ ಬೇರೆ. ವೈಫಲ್ಯ ಬೇರೆ, ಗಾಯ ಬೇರೆ. ಆದರೂ ಎಳೆಯ ಆಟಗಾರನ ವಿಷಯದಲ್ಲಿ ಎರಡನೆಯ ಸರದಿಯನ್ನು ನೋಡುವವರೆಗೆ ಪುಸ್ತಕವನ್ನು ಮುಚ್ಚಬಾರದೆಂಬ ವಿವೇಕವು ಎರಡಕ್ಕೂ ಸಮಾನವಾದದ್ದು.

ಕಾರ್ಯರೂಪದಲ್ಲಿ ನಾನು ಸೂಚಿಸುವುದು ಅತಿ ಸರಳವಾದ ಕ್ರಮ. ಪ್ರತಿಯೊಂದು ತಂಡವೂ ಒಂದು ರೂಲು ಪುಸ್ತಕವನ್ನಿಟ್ಟು, ಪ್ರತಿಯೊಬ್ಬ ಆಟಗಾರನಿಗೂ ಒಂದು ಪುಟವನ್ನು ಮೀಸಲಿಡಲಿ. ದಿನಾಂಕ, ಅಭ್ಯಾಸವೂ ಸೇರಿದಂತೆ, ಯಾವ ತಂಡದ ಪರವಾಗಿ, ಯಾವ ನೆಲದ ಮೇಲೆ, ಎಷ್ಟು ನಿಮಿಷ ಆಡಿದನೆಂಬುದು, ಆ ನಿಮಿಷಗಳಲ್ಲಿ ಡಿ ವೃತ್ತಕ್ಕೆ ಚೆಂಡನ್ನು ಒಯ್ದದ್ದೆಷ್ಟು, ಕಾರ್ನರ್ ದೊರಕಿಸಿದ್ದೆಷ್ಟು, ಗೋಲೆಷ್ಟು, ಕೊನೆಯಲ್ಲಿ ಅವನೇ ಹೇಳಿದ ನೋವು. ಒಂದು ಋತುವಿನ ಕೊನೆಗೆ ಈ ಪುಟವನ್ನು ವೈದ್ಯನೂ ತರಬೇತುದಾರನೂ ಒಟ್ಟಿಗೆ ಕುಳಿತು ಓದಿದರೆ, ಗಾಯವು ಆಟದ ಹೊರೆ ಏರಿದ ವಾರಗಳಲ್ಲಿ ಬಂತೋ, ನೆಲ ಬದಲಾದಾಗ ಬಂತೋ, ಅರೆವಾಸಿಯಾಗಿ ಮರಳಿದಾಗ ಬಂತೋ, ಅಥವಾ ಇವಾವುದೂ ಇಲ್ಲದೆ ಬಂತೋ ಎಂಬುದು ತಿಳಿದೀತು. ಮೊದಲ ಮೂರು ಸಂದರ್ಭಗಳಲ್ಲಿ ತಿದ್ದಿಕೊಳ್ಳಬೇಕಾದವರು ನಾವು. ಕೊನೆಯದರಲ್ಲಿ ಹುಡುಗನನ್ನು ಬಿಡಬೇಕಾಗಿ ಬಂದರೂ, ಮೂರು ದಿನದ ಪಂದ್ಯಾವಳಿಗೆ ಮಾತ್ರ ಬಿಟ್ಟು ಲೀಗಿಗೆ ಉಳಿಸಿಕೊಳ್ಳಬಹುದು. ಸರ್ವಥಾ ಬಿಡಲೇಬೇಕಾದರೆ, ಆ ಪುಟವನ್ನು ಅವನ ಮುಂದಿಟ್ಟು, ಕಾರಣವನ್ನು ಮುಖಾಮುಖಿ ಹೇಳಿ ಬಿಡತಕ್ಕದ್ದು.

ಇಂದಿನ ಗೋಷ್ಠಿಗಳಲ್ಲಿ ಮಂಡಿತವಾಗಲಿರುವ ಪ್ರಬಂಧಗಳು ಮೂರು ಪ್ರಶ್ನೆಗಳನ್ನು ಎದುರಿಸಲಿ ಎಂಬುದು ನನ್ನ ಆಶಯ. ಎಳೆಯ ಆಟಗಾರನೊಬ್ಬನನ್ನು ಹಲವು ತಂಡಗಳು ಏಕಕಾಲದಲ್ಲಿ ಬಳಸಿಕೊಳ್ಳುವಾಗ ಅವನ ವಿಶ್ರಾಂತಿಗೆ ಹೊಣೆ ಯಾರು? ಗಾಯದ ತರುವಾಯ ಅಂಗಣಕ್ಕೆ ಮರಳುವ ದಿನವನ್ನು ನಿರ್ಧರಿಸುವ ಕೊನೆಯ ಅಧಿಕಾರವು ಪಂದ್ಯ ಗೆಲ್ಲಬೇಕಾದ ತರಬೇತುದಾರನದೋ, ವೈದ್ಯನದೋ? ನೋವನ್ನು ಹೇಳಿಕೊಂಡ ಹುಡುಗನ ಸೀಟಿಗೂ ಊಟಕ್ಕೂ ನೌಕರಿಯ ಆಸೆಗೂ ಭಂಗ ಬಾರದಂತೆ ನಮ್ಮ ಸಂಸ್ಥೆಗಳು ಯಾವ ಆಶ್ವಾಸನೆಯನ್ನು ನೀಡಬಲ್ಲವು? ಇವುಗಳಲ್ಲಿ ಒಂದಕ್ಕಾದರೂ ಈ ಜಿಲ್ಲೆಯ ಕಾಲೇಜುಗಳು ಮುಂದಿನ ಋತುವಿನಿಂದಲೇ ಪಾಲಿಸಬಲ್ಲಂಥ ಉತ್ತರವನ್ನು ಈ ಸಂಕಿರಣವು ರೂಪಿಸಿಕೊಟ್ಟರೆ, ನಾವು ಇಲ್ಲಿ ಸೇರಿದ್ದು ಸಾರ್ಥಕವಾಗುತ್ತದೆ.