ಮರಳಿ ಅಚ್ಚಾದ ಅರ್ಥಶಾಸ್ತ್ರ

ಹಳೆಯ ಅರ್ಥಶಾಸ್ತ್ರ ಗ್ರಂಥವೊಂದು ಮರಳಿ ಅಚ್ಚಾಯಿತೆಂದರೆ ಸಂಸಾರವಂದಿಗರಿಗೆ ಅದರಿಂದೇನು ಎಂದು ನೀವು ಕೇಳಬಹುದು. ಕಾದಂಬರಿಯಾದರೆ ಮನೆಮಂದಿಯೆಲ್ಲ ಓದುತ್ತಾರೆ. ನಾಣ್ಯ, ಕಂದಾಯ, ವಿನಿಮಯ ಇವೆಲ್ಲ ಕಾಲೇಜಿನ ಹುಡುಗರು ಪರೀಕ್ಷೆಗೆಂದು ಓದಿ ಮರೆಯುವ ವಿಷಯಗಳೆಂಬ ಭಾವನೆ ನಮ್ಮಲ್ಲಿದೆ. ಇದು ಎಷ್ಟು ಸರಿ ಎಂಬುದನ್ನು ನಮ್ಮ ಗಾಣಗಾಪುರದ ಲೆಕ್ಕದಿಂದಲೇ ನೋಡೋಣ.

ಭೀಮಾ-ಅಮರಜಾ ಸಂಗಮದ ಈ ಕ್ಷೇತ್ರ 1948ರ ಸೆಪ್ಟೆಂಬರಿನವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ದತ್ತದರ್ಶನಕ್ಕೆಂದು ಸೊಲ್ಲಾಪುರದ ಕಡೆಯಿಂದ ಬರುವ ಯಾತ್ರಿಕರದು ಬ್ರಿಟಿಷ್ ರೂಪಾಯಿ, ಅಂದರೆ ಕಲ್ದಾರ. ಸಂಸ್ಥಾನದ ನಾಣ್ಯ ಹಾಲಿ ಸಿಕ್ಕಾ. ನೂರು ಕಲ್ದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ ಎಂಬುದು ಸರಕಾರಿ ದರ. ಬಾಯಿಲೆಕ್ಕದಲ್ಲಿ ಹೇಳುವುದಾದರೆ ಆರಕ್ಕೆ ಏಳು. ಆರು ಕೊಟ್ಟು ಏಳು ಪಡೆದ ಯಾತ್ರಿಕ ಶ್ರೀಮಂತನಾದನೆ? ಖಂಡಿತ ಇಲ್ಲ. ಆ ಏಳು ರೂಪಾಯಿಗೆ ಜೋಳವೆಷ್ಟು, ತೊಗರಿಯೆಷ್ಟು, ಎಣ್ಣೆಯೆಷ್ಟು ಬಂತು ಎಂಬುದೇ ನಿಜವಾದ ಪ್ರಶ್ನೆ.

ಇದೇ ಪ್ರಶ್ನೆಯನ್ನು ಇಡೀ ದೇಶದ ಮಟ್ಟಿಗೆ ಎತ್ತಿದ ಗ್ರಂಥ ಡಾ. ಬಿ. ಆರ್. ಅಂಬೇಡ್ಕರರ ‘ರೂಪಾಯಿಯ ಸಮಸ್ಯೆ’. ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸಿನಲ್ಲಿ ಅವರು ಸಿದ್ಧಪಡಿಸಿದ ಈ ಪ್ರಬಂಧ 1923ರಲ್ಲಿ ಅಚ್ಚಾಯಿತು. 1835ರಲ್ಲಿ ಕಂಪನಿ ಸರಕಾರ ಒಂದೇ ಬಗೆಯ ಬೆಳ್ಳಿ ರೂಪಾಯಿಯನ್ನು ತಂದುದು, 1893ರಲ್ಲಿ ಯಾರೇ ಬೆಳ್ಳಿ ತಂದರೂ ರೂಪಾಯಿ ಹೊಡೆದುಕೊಡುವ ಪದ್ಧತಿಯನ್ನು ಟಂಕಸಾಲೆಗಳು ನಿಲ್ಲಿಸಿದುದು, ಆಮೇಲೆ ರೂಪಾಯಿಯನ್ನು ಇಂಗ್ಲೆಂಡಿನ ಹಣಕ್ಕೆ ಕಟ್ಟಿಹಾಕಿದುದು—ಇವೆಲ್ಲದರ ಕಥೆ ಅದರಲ್ಲಿದೆ. ಈ ಏರ್ಪಾಡನ್ನು ಕೇನ್ಸ್ ಎಂಬ ಹೆಸರಾಂತ ಪಂಡಿತರು 1913ರಲ್ಲಿ ಸಮರ್ಥಿಸಿದ್ದರು. ಅಂಬೇಡ್ಕರರು ಒಪ್ಪಲಿಲ್ಲ. ಹೊರದೇಶದ ಹಣದೊಡನೆ ದರ ಸ್ಥಿರವಾಗಿದ್ದರೆ ಸಾಲದು, ರೂಪಾಯಿಗಿರುವ ಕೊಳ್ಳುವ ಶಕ್ತಿ ಸ್ಥಿರವಾಗಿರಬೇಕು. ಮನಬಂದಂತೆ ನಾಣ್ಯ ಹೊರಡಿಸುವ ಸರಕಾರದ ಕೈಯನ್ನು ಕಟ್ಟಬೇಕು ಎಂಬುದು ಅವರ ವಾದ. 1925ರಲ್ಲಿ ನಾಣ್ಯವ್ಯವಸ್ಥೆಯ ವಿಚಾರಣೆಗೆ ಬಂದ ರಾಯಲ್ ಕಮಿಷನ್ನಿನ ಮುಂದೆಯೂ ಅವರು ಸಾಕ್ಷ್ಯ ನುಡಿದರು. ಬೆಲೆ ಏರಿದಾಗ ಕೂಲಿಯವನ ತಾಟಿನಲ್ಲಿ ರೊಟ್ಟಿ ಕಡಿಮೆಯಾಗುತ್ತದೆ ಎಂಬುದನ್ನು ತಿಳಿದವರಿಗೆ ಈ ವಾದದ ತಿರುಳು ಹೊಸದಲ್ಲ.

ಆ ಪುಸ್ತಕ 1947ರಲ್ಲಿ ಬೇರೊಂದು ಹೆಸರಿನಿಂದ ಮರಳಿ ಅಚ್ಚಾಯಿತು. ಮಹಾರಾಷ್ಟ್ರ ಸರಕಾರವು 1989ರಲ್ಲಿ ಅವರ ಬರಹಗಳ ಆರನೆಯ ಸಂಪುಟದಲ್ಲಿ ಅದನ್ನು ಸೇರಿಸಿತು. ಈ ಸಂಪುಟಮಾಲೆಯ ಬರಹಗಳನ್ನು ಕರ್ನಾಟಕ ಸರಕಾರ ಕನ್ನಡಕ್ಕೂ ತರಿಸಿದೆ. ಹೊಲವನ್ನು ಅಣ್ಣತಮ್ಮಂದಿರು ಹಂಚಿಕೊಂಡು ತುಂಡುಮಾಡಿಕೊಂಡ ಮನೆತನದವರು ಅವರ 1918ರ ಸಣ್ಣ ಹಿಡುವಳಿಗಳ ಲೇಖನವನ್ನೂ ಓದಬೇಕು. ತುಂಡುಗಳನ್ನು ಕೂಡಿಸಿದ ಮಾತ್ರಕ್ಕೆ ರೈತ ಉದ್ಧಾರವಾಗನು. ಭೂಮಿಯ ಮೇಲೆ ಕೈಗಳು ಹೆಚ್ಚು, ಬಂಡವಾಳ ಕಡಿಮೆ. ಹೆಚ್ಚಿನ ಕೈಗಳಿಗೆ ಕೈಗಾರಿಕೆಯಲ್ಲಿ ಕೆಲಸ ಬೇಕು ಎಂದು ಅದರಲ್ಲಿ ಹೇಳಿದ್ದಾರೆ.

ಇಂಥ ಗ್ರಂಥ ಇದೊಂದೇ ಅಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ತಾಳೆಗರಿಯಿಂದ ಓದಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ ಹಲವು ಬಾರಿ ಮರುಮುದ್ರಣ ಕಂಡಿದೆ. ಇಂಗ್ಲಿಷರ ಆಳಿಕೆಯಲ್ಲಿ ದೇಶದ ಸಂಪತ್ತು ಹೊರಕ್ಕೆ ಹರಿದ ಲೆಕ್ಕವನ್ನು ಮುಂದಿಟ್ಟ ದಾದಾಭಾಯಿ ನವರೋಜಿಯವರ 1901ರ ಗ್ರಂಥವನ್ನು ಭಾರತ ಸರಕಾರದ ಪ್ರಕಟನ ವಿಭಾಗ 1962ರಲ್ಲಿ ಮತ್ತೆ ತಂದಿತು.

ಆದರೆ ಅಚ್ಚುಹಾಕಿದರಷ್ಟೇ ಸಾಲದು ಎಂಬ ಮಾತನ್ನೂ ಇಲ್ಲಿ ಹೇಳಬೇಕು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆಯಾಯಿತು. ಹದಿನಾರು ಆಣೆ, ನೂರತೊಂಬತ್ತೆರಡು ಪೈಗಳ ಲೆಕ್ಕ ಇಂದಿನ ಹುಡುಗನಿಗೆ ಹೇಗೆ ತಿಳಿಯಬೇಕು? ಕಲ್ದಾರವೆಂದರೇನು, ಹಾಲಿ ಎಂದರೇನು ಎಂಬ ಟಿಪ್ಪಣಿ ಬೇಕು, ಮೊದಲು ಅಚ್ಚಾದ ವರ್ಷ ಎದ್ದು ಕಾಣಬೇಕು, ಮೂಲವನ್ನು ಕತ್ತರಿಸಬಾರದು. ಓದುವವರಿಗೂ ಒಂದು ಎಚ್ಚರಿಕೆ ಬೇಕು. ಅಂಬೇಡ್ಕರರು ಚಿನ್ನವನ್ನು ಆಧಾರವಾಗಿಟ್ಟುಕೊಂಡು ಪರಿಹಾರ ಸೂಚಿಸಿದರು. ಇಂದಿನ ರೂಪಾಯಿಗೆ ಚಿನ್ನದ ಕಟ್ಟಿಲ್ಲ. ಅವರ ಉತ್ತರವನ್ನು ಹಾಗೆಯೇ ಎತ್ತಿಕೊಳ್ಳಲಾಗದು. ಆದರೆ ಅವರ ಪ್ರಶ್ನೆ ಮಾತ್ರ ಹಳತಾಗಿಲ್ಲ. ಬೇರೆಯವರು ಮಾಡಿದ ಸಾರಾಂಶ ನಮಗೆ ಉತ್ತರವನ್ನಷ್ಟೇ ಕೊಡುತ್ತದೆ. ಆ ಉತ್ತರಕ್ಕೆ ಬಂದ ದಾರಿ ಮೂಲಗ್ರಂಥದಲ್ಲಿಯೇ ಸಿಕ್ಕಬೇಕು.

ಪುಸ್ತಕದ ಬೆಲೆ ಭಾರವೆನಿಸಿದರೆ ಊರಿನ ಗ್ರಂಥಾಲಯವಿದೆ. 1965ರ ಗ್ರಂಥಾಲಯ ಕಾಯದೆಯ ಪ್ರಕಾರ ನಾವು ತೆರುವ ಕರದಲ್ಲಿ ಅದಕ್ಕೂ ಪಾಲುಂಟು. ಆದುದರಿಂದ ಈ ಪುಸ್ತಕಗಳನ್ನು ಅಲ್ಲಿ ಕೇಳಿ. ಇಲ್ಲವಾದರೆ ತರಿಸಿಕೊಡಿರೆಂದು ಬರೆದುಕೊಡಿ. ಕೇಳುವವರಿಲ್ಲದ ಪುಸ್ತಕವನ್ನು ಯಾವ ಪ್ರಕಾಶಕನೂ ಎರಡನೆಯ ಸಲ ಅಚ್ಚುಹಾಕಲಾರ.